‘ನಾವು ಹೋದ ಮೇಲೆ ಯಾರು?’ ಎಂದು ಕೇಳುವವರು ಮೊದಲು ಮಕ್ಕಳನ್ನು ಹಾಲಿನ ಬೂತಿಗೆ ಕಳಿಸಿ

ಬೌದ್ಧಿಕ ಅಂಗವೈಕಲ್ಯ, ಆಟಿಸಂ, ಡೌನ್ ಸಿಂಡ್ರೋಮ್ ಇರುವವರ ಮನೆಗಳಿಂದ ಬರುವ ಪತ್ರಗಳು ಆರೇಳು ಪ್ರಶ್ನೆಗಳ ಸುತ್ತಲೇ ತಿರುಗುತ್ತಿವೆ. ಅವುಗಳಲ್ಲಿ ಒಂದಕ್ಕೆ ಈ ಸಲ ಉದ್ದದ ಉತ್ತರ. ಯುಡಿಐಡಿ ಕಾರ್ಡ್ (ಅಂಗವೈಕಲ್ಯದ ಗುರುತಿನ ಚೀಟಿ) ಮಾಡಿಸುವುದು ಹೇಗೆ ಎಂಬುದನ್ನು ಮತ್ತೆ ಬರೆಯುವುದಿಲ್ಲ. ನಿಮ್ಮ ಗ್ರಾಮ ಪಂಚಾಯಿತಿಯ ಪುನರ್ವಸತಿ ಕಾರ್ಯಕರ್ತರ ಕೆಲಸವೇ ಅದು, ಹೋಗಿ ಕೇಳಿ.

ಪ್ರಶ್ನೆ: ಮಗನಿಗೆ 22 ವರ್ಷ. ಬೌದ್ಧಿಕ ಅಂಗವೈಕಲ್ಯ, ಪ್ರಮಾಣಪತ್ರದಲ್ಲಿ ಶೇ 75. ವಿಶೇಷ ಶಾಲೆ 18ಕ್ಕೆ ಮುಗಿಯಿತು. ನಾಲ್ಕು ವರ್ಷದಿಂದ ಮನೆಯಲ್ಲೇ ಇದ್ದಾನೆ, ಟಿವಿ ನೋಡುತ್ತಾನೆ. ನಮಗೂ ವಯಸ್ಸಾಯಿತು. ನಾವು ಹೋದ ಮೇಲೆ ಯಾರು ನೋಡಿಕೊಳ್ಳುತ್ತಾರೆ? ಒಂದು ಒಳ್ಳೆಯ ಆಶ್ರಮದ ಹೆಸರು ತಿಳಿಸಿ.

ಉತ್ತರ: ಹೆಸರು ತಿಳಿಸುವುದಿಲ್ಲ. ಅದಕ್ಕೆ ಮೊದಲು ನೀವೇ ಒಂದು ಲೆಕ್ಕ ಹಾಕಿ. ನಿಮ್ಮ ಮನೆಯಿಂದ ಐದು ನಿಮಿಷದ ದಾರಿಯೊಳಗೆ ನಿಮ್ಮ ಮಗನನ್ನು ಹೆಸರು ಹಿಡಿದು ಕರೆಯುವವರು ಎಷ್ಟು ಜನ? ‘ಪಾಪ, ಆ ಮನೆಯ ಹುಡುಗ’ ಎನ್ನುವವರನ್ನು ಬಿಟ್ಟು ಹೇಳಿ. ಹೆಚ್ಚಿನ ಮನೆಗಳಲ್ಲಿ ಈ ಸಂಖ್ಯೆ ಸೊನ್ನೆ ಅಥವಾ ಒಂದು. ನಿಜವಾದ ಅಪಾಯ ಇದು. ಯಾವ ಸಂಸ್ಥೆಯಲ್ಲಿಟ್ಟರೂ ಅವನ ಮೈಮೇಲೆ ಬಾಸುಂಡೆ ಬಂದಾಗ, ಅವನು ನಾಲ್ಕು ಕೆ.ಜಿ. ಇಳಿದಾಗ ‘ಏನಾಯಿತು?’ ಎಂದು ಕೇಳಲು ಅವನನ್ನು ಬಲ್ಲ ಕಣ್ಣುಗಳು ಬೇಕು. ನಾಲ್ಕು ವರ್ಷ ಒಳಗಿಟ್ಟ ಮಗನಿಗೆ ಅಂಥ ಕಣ್ಣುಗಳು ಒಂದೇ ದಿನದಲ್ಲಿ ಹುಟ್ಟುವುದಿಲ್ಲ. ನೀವು ಬದುಕಿರುವಾಗಲೇ ಅವನ್ನು ಸಂಪಾದಿಸಬೇಕು. ಆ ಕೆಲಸ ಶುರುವಾಗುವುದು ದಿನಾ ಹೋಗಿಬರುವ ಒಂದು ಜಾಗದಿಂದ. ಹಾಲಿನ ಬೂತ್ ಇದಕ್ಕೆ ಹೇಳಿಮಾಡಿಸಿದಂತಿದೆ: ಒಂದೇ ಹೊತ್ತು, ಒಂದೇ ವಸ್ತು, ಒಂದೇ ಬೆಲೆ, ಅದೇ ಮುಖಗಳು.

ಮೊದಲು ನೀವೇ ಹೋಗಿ ಬನ್ನಿ, ಪ್ರತಿ ಹೆಜ್ಜೆಯನ್ನೂ ಬರೆದುಕೊಳ್ಳಿ. ಚಪ್ಪಲಿ ಹಾಕು, ಚೀಲ ತಗೋ, ದುಡ್ಡಿನ ಲಕೋಟೆ ಜೇಬಿಗೆ, ಗೇಟು ಮುಚ್ಚು, ಎಡಕ್ಕೆ ತಿರುಗು, ಟ್ರಾನ್ಸ್‌ಫಾರ್ಮರ್ ಹತ್ತಿರ ನಿಲ್ಲು, ರಸ್ತೆ ದಾಟು, ಸಾಲಿನಲ್ಲಿ ನಿಲ್ಲು, ಲಕೋಟೆ ಕೊಡು, ಹಾಲು ಚೀಲಕ್ಕೆ, ವಾಪಸ್. ಹನ್ನೆರಡರಿಂದ ಹದಿನೈದು ಹೆಜ್ಜೆ ಆಗುತ್ತದೆ. ಮಾತು ಕಡಿಮೆಯಿದ್ದರೆ ನಿನ್ನೆಯ ಖಾಲಿ ನಂದಿನಿ ಪ್ಯಾಕೆಟ್ ತೊಳೆದು ಚೀಲದಲ್ಲಿಡಿ, ಅದನ್ನು ತೋರಿಸಿದರೆ ಸಾಕು. ಲೆಕ್ಕ ಬರದಿದ್ದರೆ ಸರಿಯಾದ ದುಡ್ಡನ್ನು ಲಕೋಟೆಯಲ್ಲಿ ಹಾಕಿ. ‘ಲೆಕ್ಕ ಕಲಿತ ಮೇಲೆ ಅಂಗಡಿಗೆ’ ಎಂದು ಕಾದವರು ಮೂವತ್ತು ದಾಟಿದರೂ ಕಾಯುತ್ತಲೇ ಇದ್ದಾರೆ.

ಕಲಿಸುವಾಗ ಕೊನೆಯ ಹೆಜ್ಜೆಯಿಂದ ಹಿಂದಕ್ಕೆ ಬನ್ನಿ. ಮೊದಲ ವಾರ ಎಲ್ಲವನ್ನೂ ನೀವು ಮಾಡಿ, ಬಾಗಿಲಿಗೆ ಬಂದಾಗ ಚೀಲ ಅವನ ಕೈಗೆ ಕೊಡಿ. ಹಾಲನ್ನು ಒಳಗೆ ಒಯ್ದು ಪಾತ್ರೆಯ ಪಕ್ಕ ಇಡುವುದಷ್ಟೇ ಅವನ ಕೆಲಸ. ಅದು ಸಲೀಸಾದ ಮೇಲೆ ಗೇಟಿನಿಂದ ಒಳಕ್ಕೆ, ಆಮೇಲೆ ಬೂತಿನಿಂದ ಗೇಟಿನವರೆಗೆ. ಹೀಗೆ ಮಾಡಿದರೆ ಪ್ರತಿ ದಿನವೂ ಕೆಲಸ ಮುಗಿಸಿದವನು ಅವನೇ ಆಗುತ್ತಾನೆ. ಮೊದಲ ಹೆಜ್ಜೆಯಿಂದ ಕಲಿಸಿದರೆ ಅರ್ಧ ದಾರಿಯಲ್ಲಿ ನೀವು ಕೈ ಹಾಕುತ್ತೀರಿ, ಮುಗಿಸಿದ ಖುಷಿ ಅವನಿಗೆ ಸಿಗುವುದೇ ಇಲ್ಲ.

ಎಲ್ಲರೂ ಎಡವುವುದು ಬಾಯಿಯಲ್ಲಿ. ‘ನಿಲ್ಲು, ನೋಡು, ಬಾ, ಕೊಡು, ಬೇಗ’ ಎಂದು ದಾರಿಯುದ್ದಕ್ಕೂ ಹೇಳುತ್ತಾ ಹೋದರೆ ಅವನು ಕಲಿಯುವುದು ರಸ್ತೆ ದಾಟುವುದನ್ನಲ್ಲ, ನಿಮ್ಮ ಧ್ವನಿಗೆ ಕಾಯುವುದನ್ನು. ಧ್ವನಿ ಇಲ್ಲದ ದಿನ ಅಲ್ಲೇ ನಿಂತುಬಿಡುತ್ತಾನೆ. ಅವನು ತಡೆದರೆ ಮನಸ್ಸಿನಲ್ಲಿ ಹತ್ತರವರೆಗೆ ಎಣಿಸಿ. ಆಮೇಲೂ ಆಗದಿದ್ದರೆ ಬೆರಳು ತೋರಿಸಿ, ಅದೂ ಸಾಲದಿದ್ದರೆ ಒಂದು ಮಾತು, ಕೊನೆಗೆ ಮೊಣಕೈ ಮುಟ್ಟಿ. ಒಂದು ಹೆಜ್ಜೆಯನ್ನು ಐದು ದಿನದಲ್ಲಿ ನಾಲ್ಕು ದಿನ ನಿಮ್ಮ ಸಹಾಯವಿಲ್ಲದೆ ಮಾಡಿದರೆ ಮಾತ್ರ ಮುಂದಿನದಕ್ಕೆ ಹೋಗಿ. ಕ್ಯಾಲೆಂಡರ್ ಮೇಲೆ ಗುರುತು ಹಾಕಿ, ನೆನಪನ್ನು ನಂಬಬೇಡಿ.

ಆಮೇಲೆ ನಿಮ್ಮ ದೂರ. ಪಕ್ಕದಲ್ಲಿ, ಎರಡು ಹೆಜ್ಜೆ ಹಿಂದೆ, ಹತ್ತು ಹೆಜ್ಜೆ ಹಿಂದೆ, ರಸ್ತೆಯ ಆಚೆ ಬದಿ, ಕೊನೆಗೆ ಗೇಟಿನ ಒಳಗೆ. ರಸ್ತೆ ದಾಟುವುದನ್ನು ಚಿತ್ರಪುಸ್ತಕದಲ್ಲಿ ಕಲಿಸಬೇಡಿ. ತರಗತಿಯಲ್ಲಿ ಕೆಂಪು ದೀಪ ಗುರುತಿಸಿದವನು ಬೀದಿಯಲ್ಲಿ ಗುರುತಿಸುತ್ತಾನೆ ಎಂಬ ಭರವಸೆಯಿಲ್ಲ. ಒಂದು ಜಾಗದಲ್ಲಿ ಕಲಿತದ್ದು ಇನ್ನೊಂದು ಜಾಗಕ್ಕೆ ತಾನಾಗಿ ದಾಟದಿರುವುದು ಈ ಅಂಗವೈಕಲ್ಯದ ಲಕ್ಷಣವೇ. ರಸ್ತೆ ಉಬ್ಬು ಇರುವ ಒಂದು ಜಾಗ ಆರಿಸಿ, ದಿನವೂ ಅಲ್ಲೇ ದಾಟಿಸಿ.

ಬೂತಿನವರ ಹತ್ತಿರ ಮೊದಲೇ ಮಾತಾಡಿ, ಮೂರೇ ಮಾತು. ‘ಇವನ ಜೊತೆ ಮಾತಾಡಿ, ನನ್ನ ಜೊತೆ ಬೇಡ. ಸ್ವಲ್ಪ ಹೊತ್ತು ಕಾಯಿರಿ. ಚಾಕೊಲೇಟ್ ಕೊಡಬೇಡಿ.’ ಮೂರನೆಯದು ಮುಖ್ಯ. ಇಪ್ಪತ್ತೆರಡರ ಗಂಡಸಿಗೆ ದಿನಾ ಬಿಟ್ಟಿ ಚಾಕೊಲೇಟ್ ಸಿಕ್ಕರೆ ಅವನು ಗಿರಾಕಿಯಾಗಿ ಉಳಿಯುವುದಿಲ್ಲ. ಅಪರಿಚಿತರು ಚಾಕೊಲೇಟ್ ಹಿಡಿದು ಕರೆದಾಗ ಹೋಗುವ ಅಭ್ಯಾಸವೂ ಅಲ್ಲೇ ಬೆಳೆಯುತ್ತದೆ.

ಎಲ್ಲ ಸರಿಯಾಯಿತು ಎಂದ ಮೇಲೆ ಬೇಕೆಂದೇ ಕೆಡಿಸಿ. ಬೂತಿನವರಿಗೆ ಹೇಳಿಟ್ಟು ಒಂದು ದಿನ ‘ಹಾಲು ಇಲ್ಲ’ ಅನ್ನಿಸಿ. ಲಕೋಟೆಯಲ್ಲಿ ಒಂದು ರೂಪಾಯಿ ಕಡಿಮೆ ಹಾಕಿ. ಅಭ್ಯಾಸದ ದಾರಿ ಕಲಿತವರು ತಬ್ಬಿಬ್ಬಾಗುವುದು ಹಬ್ಬದ ದಿನ ಬೂತ್ ಮುಚ್ಚಿದಾಗ, ಚರಂಡಿಗೆಂದು ರಸ್ತೆ ಅಗೆದಾಗ, ಬೀದಿನಾಯಿ ಅಡ್ಡ ಬಂದಾಗ. ‘ಆಗದಿದ್ದರೆ ಮನೆಗೆ ವಾಪಸ್’ ಎಂಬ ಒಂದೇ ಉತ್ತರ ಮೈಗೂಡಿದ್ದರೆ ಇವೆಲ್ಲಕ್ಕೂ ಸಾಕು.

ಮೂರು ನಾಲ್ಕು ತಿಂಗಳಲ್ಲಿ ಇದು ಹಿಡಿತಕ್ಕೆ ಬಂದರೆ ಬಸ್ಸು. ಕಿಕ್ಕಿರಿದ ಹೊತ್ತು ಬೇಡ, ಬೆಳಿಗ್ಗೆ 11ರ ನಂತರ ಹೊರಡಿ. ಒಂದೇ ಮಾರ್ಗ, ಹತ್ತಲು ಒಂದೇ ನಿಲ್ದಾಣ. ಬಸ್ಸಿನ ಸಂಖ್ಯೆಯನ್ನು ಅಂಗೈ ಅಗಲದ ಕಾರ್ಡಿನಲ್ಲಿ ದಪ್ಪಗೆ ಬರೆದುಕೊಡಿ. ಓದಬೇಕಿಲ್ಲ, ಬೋರ್ಡಿಗೂ ಕಾರ್ಡಿಗೂ ಹೊಂದಿಸಿ ನೋಡಿದರಾಯಿತು. ಬೆಂಗಳೂರಿನಲ್ಲಿ ಸಂಖ್ಯೆಯ ಹಿಂದಿನ ಅಕ್ಷರವನ್ನೂ ಬರೆಯಿರಿ, ಆ ಬಾಲ ಬದಲಾದರೆ ದಾರಿಯೇ ಬದಲು. ಸಂಖ್ಯೆ ಇಲ್ಲದ ಹಳ್ಳಿ ಬಸ್ಸಿಗೆ ಊರಿನ ಹೆಸರನ್ನು ಬೋರ್ಡಿನಲ್ಲಿ ಇರುವ ಹಾಗೆಯೇ ಬರೆದುಕೊಡಿ. ಇಳಿಯುವ ನಿಲ್ದಾಣಕ್ಕೆ ಮುಂಚಿನ ಒಂದು ದೊಡ್ಡ ಗುರುತು, ಪೆಟ್ರೋಲ್ ಬಂಕ್ ಇರಲಿ, ನೀರಿನ ಟ್ಯಾಂಕ್ ಇರಲಿ, ಕಂಡೊಡನೆ ಎದ್ದು ನಿಲ್ಲುವುದನ್ನು ಕಲಿಸಿ. ಮಗಳಾದರೆ 2023ರ ಜೂನ್‌ನಿಂದ ಶಕ್ತಿ ಯೋಜನೆಯಿದೆ, ಚಿಲ್ಲರೆಯ ಗೋಜಿಲ್ಲ. ಆದರೆ ಗುರುತಿನ ಚೀಟಿ ತೋರಿಸಿ ಶೂನ್ಯ ಟಿಕೆಟ್ ಕೇಳಿ ಪಡೆಯುವುದೂ ಒಂದು ಹೆಜ್ಜೆಯೇ, ಅದನ್ನು ಬಿಟ್ಟುಬಿಡಬೇಡಿ.

ನಿಲ್ದಾಣ ತಪ್ಪಿದರೆ ಏನು ಮಾಡಬೇಕು ಎಂಬುದನ್ನು ಕಲಿಸದೆ ಒಬ್ಬನನ್ನೇ ಕಳಿಸಲೇಬೇಡಿ. ಮುಂದಿನ ನಿಲ್ದಾಣದಲ್ಲಿ ಇಳಿ, ಅಲ್ಲೇ ನಿಲ್ಲು, ಫೋನಿನಲ್ಲಿ ಅಮ್ಮನ ಫೋಟೊ ಒತ್ತು. ನಡೆಯಬಾರದು, ಯಾರ ಗಾಡಿಯನ್ನೂ ಹತ್ತಬಾರದು. ನೀವು ಜೊತೆಗಿದ್ದು ಬೇಕೆಂದೇ ಮೂರು ಸಲವಾದರೂ ನಿಲ್ದಾಣ ತಪ್ಪಿಸಿ ಇದನ್ನು ಮಾಡಿಸಿ. ಜೇಬಿನ ಕಾರ್ಡಿನಲ್ಲಿ ಹೆಸರು, ಇಬ್ಬರ ಫೋನ್ ಸಂಖ್ಯೆ, ‘ನನಗೆ ಮಾತು ನಿಧಾನ, ದಯವಿಟ್ಟು ಈ ಸಂಖ್ಯೆಗೆ ಕರೆ ಮಾಡಿ’ ಎಂಬ ಸಾಲು ಸಾಕು. ಮನೆ ವಿಳಾಸ ಬೇಡ. ‘ನಾನೇ ಬಿಡುತ್ತೇನೆ ಬಾ’ ಎನ್ನುವ ಅಪರಿಚಿತರಿಗೆ ಅದು ನೆಪವಾಗುತ್ತದೆ. ಹತ್ತು ಸಲದಲ್ಲಿ ಬರಲಿಲ್ಲ ಎಂದು ಕೈಬಿಡಬೇಡಿ. ನಲವತ್ತು ಐವತ್ತು ಸಲ ಹಿಡಿಯುವುದು ಮಾಮೂಲು.

ಮೂರ್ಛೆರೋಗ ಹಿಡಿತಕ್ಕೆ ಬಾರದಿದ್ದರೆ ರಸ್ತೆ, ಬಸ್ಸು ಎರಡಕ್ಕೂ ಒಬ್ಬರನ್ನೇ ಕಳಿಸಬಾರದು. ಈ ವಿಷಯದಲ್ಲಿ ನಾನು ರಾಜಿಯಾಗುವುದಿಲ್ಲ, ವೈದ್ಯರು ಒಪ್ಪುವವರೆಗೆ ಜೊತೆಗೆ ಹೋಗಿ. ಹಾಗೆಯೇ, ಅಂಗವೈಕಲ್ಯ ಶೇ 90 ಇದೆ, ನಡೆಯಲಾರ, ಮಾತಿಲ್ಲ ಎನ್ನುವವರು ‘ಇದು ನಮಗಲ್ಲ’ ಎಂದು ಪುಟ ತಿರುಗಿಸಬೇಡಿ. ಒಬ್ಬನೇ ಹೋಗುವುದೇ ಗುರಿಯಲ್ಲ. ಗಾಲಿಕುರ್ಚಿಯಲ್ಲಿ ಬೂತಿಗೆ ಕರೆದೊಯ್ಯಿರಿ, ಲಕೋಟೆ ಅವನ ಕೈಯಿಂದಲೇ ಹೋಗಲಿ. ಬೂತಿನವರು ಅವನ ಹೆಸರು ಕಲಿಯಲು ಅಷ್ಟು ಸಾಕು.

ಇಷ್ಟಾದ ಮೇಲೂ ವಸತಿ ಸಂಸ್ಥೆ ಬೇಕೆಂದರೆ 2016ರ ವಿಕಲಚೇತನರ ಹಕ್ಕುಗಳ ಕಾಯ್ದೆಯಡಿ ಅದಕ್ಕೆ ನೋಂದಣಿ ಇದೆಯೇ ಎಂದು ಕಾಗದ ನೋಡಿ. ಊಟದ ಹೊತ್ತಿಗೆ ಹೇಳದೆ ಹೋಗಿ. ಎಲ್ಲರ ತಲೆ ಬೋಳಿಸಿದ್ದರೆ, ಬಟ್ಟೆ ಯಾರದು ಯಾರಿಗೋ ಹಾಕಿದ್ದರೆ, ಅಲ್ಲಿರುವವರು ಕೊನೆಯ ಸಲ ಹೊರಗೆ ಹೋದದ್ದು ಯಾವಾಗ ಎಂದರೆ ಉತ್ತರ ಬಾರದಿದ್ದರೆ ಹಿಂದಿರುಗಿ ಬನ್ನಿ. ಇನ್ನೊಂದು ಮಾತು: ‘ತಂಗಿ ಇದ್ದಾಳಲ್ಲ, ನೋಡಿಕೊಳ್ಳುತ್ತಾಳೆ’ ಎಂದು ಅವಳನ್ನು ಕೇಳದೆ ನಿರ್ಧರಿಸಬೇಡಿ. ಕೂರಿಸಿ ಕೇಳಿ, ಅವಳ ಉತ್ತರ ‘ಆಗುವುದಿಲ್ಲ’ ಎಂದಿದ್ದರೂ ಬೇಸರಿಸದೆ ಕೇಳಿ.

ಪ್ರಶ್ನೆ: ಮಗಳಿಗೆ 18 ತುಂಬಿತು. ಬ್ಯಾಂಕಿನವರು ಗಾರ್ಡಿಯನ್ ಪತ್ರ ತನ್ನಿ ಎನ್ನುತ್ತಾರೆ. ಕೋರ್ಟಿಗೆ ಹೋಗಬೇಕೇ?

ಉತ್ತರ: 18 ತುಂಬಿದ ಮೇಲೆ ತಂದೆತಾಯಿ ತಾವಾಗಿಯೇ ಕಾನೂನಿನ ಪೋಷಕರಾಗಿ ಉಳಿಯುವುದಿಲ್ಲ, ಅದು ನಿಜ. ಆದರೆ ಎಲ್ಲರಿಗೂ ಗಾರ್ಡಿಯನ್ ಬೇಕೆಂಬುದು ಸುಳ್ಳು. ದುಡ್ಡು ಎಂದರೇನು, ಖಾತೆ ತನ್ನದು ಎಂಬುದು ಅವಳಿಗೆ ತಿಳಿಯುವುದಾದರೆ ಅವಳ ಹೆಸರಿನಲ್ಲೇ ಖಾತೆ ತೆರೆಯಿರಿ. ತನ್ನ ಹಣಕಾಸನ್ನು ತಾನೇ ನಡೆಸುವ ಹಕ್ಕು 2016ರ ಕಾಯ್ದೆಯ 13ನೇ ಸೆಕ್ಷನ್ನಿನಲ್ಲಿದೆ. ಬ್ಯಾಂಕು ಒಪ್ಪದಿದ್ದರೆ ನಿರಾಕರಣೆಯನ್ನು ಬರಹದಲ್ಲಿ ಕೇಳಿ. ನಿಜಕ್ಕೂ ಬೇಕಿದ್ದರೆ 1999ರ ನ್ಯಾಷನಲ್ ಟ್ರಸ್ಟ್ ಕಾಯ್ದೆಯಡಿ ಜಿಲ್ಲಾಧಿಕಾರಿ ಅಧ್ಯಕ್ಷತೆಯ ಸ್ಥಳೀಯ ಮಟ್ಟದ ಸಮಿತಿಗೆ ಅರ್ಜಿ ಹಾಕಿ. ಆಟಿಸಂ, ಸೆರೆಬ್ರಲ್ ಪಾಲ್ಸಿ (ಮೆದುಳಿನ ತೊಂದರೆಯಿಂದ ಕೈಕಾಲು ಹಿಡಿತಕ್ಕೆ ಬಾರದಿರುವುದು), ಬೌದ್ಧಿಕ ಅಂಗವೈಕಲ್ಯ, ಬಹುವಿಧ ಅಂಗವೈಕಲ್ಯ, ಈ ನಾಲ್ಕಕ್ಕೆ ಮಾತ್ರ ಈ ದಾರಿ. ಪೋಷಕರಾದ ಆರು ತಿಂಗಳೊಳಗೆ ಅವಳ ಆಸ್ತಿ, ಸಾಲ, ಬರಬೇಕಾದ ಹಣದ ಪಟ್ಟಿ ಕೊಡಬೇಕು, ಹಣಕಾಸು ವರ್ಷ ಮುಗಿದ ಮೂರು ತಿಂಗಳೊಳಗೆ ಲೆಕ್ಕ ಒಪ್ಪಿಸಬೇಕು. ಇದನ್ನು ಹೆಚ್ಚಿನವರು ಮರೆಯುತ್ತಾರೆ. ಅವಳ ಆಸ್ತಿ ನಿಮ್ಮದಲ್ಲ ಎಂಬುದಕ್ಕೇ ಈ ನಿಯಮ ಇರುವುದು.

ಪ್ರಶ್ನೆ: ಆಟಿಸಂಗೆ ಸ್ಟೆಮ್ ಸೆಲ್ (ಆಕರಕೋಶ) ಚಿಕಿತ್ಸೆ ಮಾಡಿಸಲು ಜಮೀನು ಮಾರಬೇಕೆಂದಿದ್ದೇವೆ.

ಉತ್ತರ: ಮಾರಬೇಡಿ. ಆಟಿಸಂಗೆ ಇದನ್ನು ಶಿಫಾರಸು ಮಾಡಲಾಗದು ಎಂದು ರಾಷ್ಟ್ರೀಯ ವೈದ್ಯಕೀಯ ಆಯೋಗದ ಮಂಡಳಿ 2022ರಲ್ಲೇ ಹೇಳಿದೆ. ‘ಮೆದುಳು ಚುರುಕಾಗುವ’ ಹೆಸರಿಲ್ಲದ ಭಸ್ಮ, ಮೂಗಿಗೆ ಬಿಡುವ ಎಣ್ಣೆ, ಮೈಯಿಂದ ಲೋಹ ತೆಗೆಯುತ್ತೇವೆ ಎಂದು ಹಾಕುವ ಡ್ರಿಪ್, ಇವೂ ಅಷ್ಟೇ. ಭಸ್ಮಗಳಲ್ಲಿ ಸೀಸ, ಪಾದರಸ ಇರಬಹುದು, ಅವು ಬೆಳೆಯುವ ಮೆದುಳಿಗೇ ವಿಷ. ಮೊದಲು ಮೈಸೂರಿನ ಅಖಿಲ ಭಾರತ ವಾಕ್ ಶ್ರವಣ ಸಂಸ್ಥೆಯಲ್ಲೋ ಬೆಂಗಳೂರಿನ ನಿಮ್ಹಾನ್ಸ್‌ನಲ್ಲೋ ತಪಾಸಣೆ ಮಾಡಿಸಿ. ಜಮೀನು ಮಗುವಿನ ಮುಂದಿನ ಬದುಕಿಗೆ ಬೇಕು.

ಪ್ರಶ್ನೆ: ಮದುವೆ ಮಾಡಿದರೆ ಸರಿಹೋಗುತ್ತಾನೆ ಎನ್ನುತ್ತಾರೆ.

ಉತ್ತರ: ಇಲ್ಲ. ಮದುವೆ ಚಿಕಿತ್ಸೆಯಲ್ಲ, ಇನ್ನೊಬ್ಬರ ಮಗಳು ನರ್ಸ್ ಅಲ್ಲ. ಇಬ್ಬರಿಗೂ ಮದುವೆ ಎಂದರೇನೆಂದು ತಿಳಿದಿದ್ದು, ಇಬ್ಬರಿಗೂ ಬೇಕಿದ್ದರೆ ಆ ಮಾತೇ ಬೇರೆ. ವಿಷಯ ಮುಚ್ಚಿಟ್ಟು ಮಾಡಿದ ಮದುವೆಯನ್ನು ನ್ಯಾಯಾಲಯ ರದ್ದು ಮಾಡಬಹುದು.

ಪ್ರಶ್ನೆ: ಮಗಳಿಗೆ 25, ‘ಮಾನಸಿಕ ವಯಸ್ಸು ಆರು’ ಎಂದು ಬರೆದುಕೊಟ್ಟಿದ್ದಾರೆ. ಆರು ವರ್ಷದವಳ ಹಾಗೆ ನೋಡಿಕೊಳ್ಳಬೇಕೇ?

ಉತ್ತರ: ಬೇಡ. ಅದು ಪರೀಕ್ಷೆಯ ಅಂಕದ ಒಂದು ಭಾಷಾಂತರ ಅಷ್ಟೇ. ಅವಳ ದೇಹಕ್ಕೆ, ಆಸೆಗೆ, ನಾಚಿಕೆಗೆ 25 ವರ್ಷ. ಎಲ್ಲರೆದುರು ಬಟ್ಟೆ ಬದಲಿಸಬೇಡಿ. ಮೈಯ ಭಾಗಗಳ ಹೆಸರನ್ನೂ ‘ಮುಟ್ಟಬೇಡ’ ಎನ್ನುವುದನ್ನೂ ಕಲಿಸಿ. ‘ದೇವರ ಮಗು’ ಎಂದು ಕರೆಯುವ ನೆಂಟರಿಗೆ ಅವಳ ಹೆಸರು ನೆನಪಿಸಿ.

ಪ್ರಶ್ನೆ: ‘ಬೇರೆ ಪೋಷಕರು ಒಪ್ಪುವುದಿಲ್ಲ’ ಎಂದು ಶಾಲೆ ಸೀಟು ಕೊಡುತ್ತಿಲ್ಲ.

ಉತ್ತರ: ಬೇರೆ ಪೋಷಕರ ಒಪ್ಪಿಗೆಗೆ ಕಾನೂನಿನಲ್ಲಿ ಜಾಗವೇ ಇಲ್ಲ. ಸರ್ಕಾರದ ಅನುದಾನ ಅಥವಾ ಮಾನ್ಯತೆ ಇರುವ ಶಾಲೆ ತಾರತಮ್ಯವಿಲ್ಲದೆ ಸೇರಿಸಿಕೊಳ್ಳಬೇಕು ಎಂದು 2016ರ ಕಾಯ್ದೆಯ 16ನೇ ಸೆಕ್ಷನ್ ಹೇಳುತ್ತದೆ. ಬಾಯಿಮಾತಿನ ನಿರಾಕರಣೆ ಹೊತ್ತು ಮನೆಗೆ ಬರಬೇಡಿ. ಅರ್ಜಿ ಕೊಟ್ಟು ಸ್ವೀಕೃತಿ ಪಡೆಯಿರಿ, ಪ್ರತಿಯನ್ನು ಕ್ಷೇತ್ರ ಶಿಕ್ಷಣಾಧಿಕಾರಿಗೆ ಕೊಡಿ, ಅಲ್ಲೂ ಆಗದಿದ್ದರೆ ವಿಕಲಚೇತನರ ರಾಜ್ಯ ಆಯುಕ್ತರಿಗೆ ದೂರು ಬರೆಯಿರಿ. ಬಿಳಿ ಹಾಳೆಯಲ್ಲಿ ದಿನಾಂಕ, ಹೋದ ಹೊತ್ತು, ಯಾರು ಏನೆಂದರು ಎಂಬುದಿರಲಿ. ಅಳಲು ಅರ್ಧ ಪುಟಕ್ಕಿಂತ ಹೆಚ್ಚು ಬೇಡ.

ಪ್ರಶ್ನೆ: ಡೌನ್ ಸಿಂಡ್ರೋಮ್ ಇರುವವರಿಗೆ ಮತದಾನದ ಹಕ್ಕು ಇದೆಯೇ?

ಉತ್ತರ: ಇದೆ. ‘ಅಸ್ವಸ್ಥಚಿತ್ತ’ ಎಂದು ಸಕ್ಷಮ ನ್ಯಾಯಾಲಯ ಘೋಷಿಸದ ಹೊರತು ಯಾರ ಹೆಸರನ್ನೂ ಆ ಕಾರಣಕ್ಕೆ ಬಿಡುವಂತಿಲ್ಲ. ವೈದ್ಯರ ಪ್ರಮಾಣಪತ್ರ ಅಂಥ ಘೋಷಣೆಯಲ್ಲ. ಮತದಾರರ ಪಟ್ಟಿಗೆ ಹೆಸರು ಸೇರಿಸುವ ನಮೂನೆ 6 ತುಂಬಿ, ಮತಗಟ್ಟೆ ಮಟ್ಟದ ಅಧಿಕಾರಿಗೆ (ಬಿಎಲ್‌ಒ) ಅವರ ಕೈಯಿಂದಲೇ ಕೊಡಿಸಿ.