17ನೇ ಶತಮಾನದ ಇಂಗ್ಲಿಷ್ ವ್ಯಾಪಾರಿ ಹಡಗಿನ ಮುಖ್ಯಸ್ಥನಾದ ಮಾಸ್ಟರ್‌ಗೆ ಹಡಗು ನಡೆಸುವುದಷ್ಟೇ ಕೆಲಸವಾಗಿತ್ತೇ?

ಅಲ್ಲ. ಅವನು ಅರ್ಧ ನಾವಿಕ, ಅರ್ಧ ವ್ಯಾಪಾರಿ. ನಾವಿಕರನ್ನು ಗೊತ್ತುಮಾಡುವುದು, ದಿನಸಿ ತುಂಬಿಸುವುದು, ಸರಕಿನ ಹೊಣೆ ಹೊರುವುದು, ಮರಳಿದ ಮೇಲೆ ಮಾಲೀಕರಿಗೆ ಲೆಕ್ಕ ಒಪ್ಪಿಸುವುದು ಎಲ್ಲವೂ ಅವನ ತಲೆಯ ಮೇಲೆಯೇ. ಒಂದೇ ಹಡಗಿಗೆ ಹಲವು ಪಾಲುದಾರರು. ಎಷ್ಟೋ ಸಲ ಮಾಸ್ಟರನೂ ಅವರಲ್ಲೊಬ್ಬ.

ಮೇಫ್ಲವರ್ ಹಡಗಿನ ಕ್ರಿಸ್ಟೋಫರ್ ಜೋನ್ಸ್ ಒಳ್ಳೆಯ ಉದಾಹರಣೆ. ಇಂಗ್ಲೆಂಡಿನ ಹಾರಿಚ್ ಊರಿನವನು, ಹಡಗಿನಲ್ಲಿ ಕಾಲು ಪಾಲು ಹೊಂದಿದ್ದ. ಬಹುಕಾಲ ಫ್ರಾನ್ಸಿನಿಂದ ವೈನ್ ತರುವುದೇ ಅವನ ಬದುಕು. 1620ರಲ್ಲಿ 102 ಪ್ರಯಾಣಿಕರನ್ನು ಅಮೆರಿಕಕ್ಕೆ ಹೊತ್ತೊಯ್ಯುವಾಗ ನಡುಗಡಲಿನಲ್ಲಿ ಹಡಗಿನ ಮುಖ್ಯ ತೊಲೆಯೊಂದು ಬಿರುಕು ಬಿಟ್ಟಿತು. ಹಿಂದಿರುಗುವುದೋ, ಮುಂದುವರಿಯುವುದೋ? ದೊಡ್ಡ ಕಬ್ಬಿಣದ ಸ್ಕ್ರೂನಿಂದ ತೊಲೆಯನ್ನು ಎತ್ತಿ ನಿಲ್ಲಿಸಿ ಮುಂದೆ ಸಾಗಿದರು. ಅಲ್ಲಿನ ಚಳಿಗಾಲದಲ್ಲಿ ಅವನ ನಾವಿಕರಲ್ಲಿ ಸುಮಾರು ಅರ್ಧ ಜನ ಸತ್ತರು. 1621ರ ಮೇನಲ್ಲಿ ಇಂಗ್ಲೆಂಡ್ ಸೇರಿದ ಜೋನ್ಸ್, ವರ್ಷ ತುಂಬುವ ಮೊದಲೇ ತೀರಿಕೊಂಡ.

ನನಗೆ ಹೆಚ್ಚು ಬೆರಗು ಹುಟ್ಟಿಸುವುದು ದಾರಿ ಹುಡುಕುವ ಕೆಲಸ. ಸೂರ್ಯನ ಎತ್ತರ ಅಳೆದು ಅಕ್ಷಾಂಶ ತಿಳಿಯುತ್ತಿತ್ತು. ಸಮುದ್ರದ ನಡುವೆ ರೇಖಾಂಶ ತಿಳಿಯುವ ನಂಬಿಕಸ್ಥ ಉಪಾಯವೇ ಇರಲಿಲ್ಲ. ಗಂಟು ಹಾಕಿದ ಹಗ್ಗವನ್ನು ನೀರಿಗೆ ಬಿಟ್ಟು, ಮರಳುಗಡಿಯಾರ ಹಿಡಿದು ವೇಗ ಅಂದಾಜಿಸಿ, ಎಷ್ಟು ದೂರ ಬಂದೆವೆಂದು ಲೆಕ್ಕ ಹಾಕಬೇಕಿತ್ತು. ದಡ ಹತ್ತಿರವಾದಾಗ ಸೀಸದ ಗುಂಡಿನ ತಳಕ್ಕೆ ಕೊಬ್ಬು ಮೆತ್ತಿ ಇಳಿಬಿಡುತ್ತಿದ್ದರು. ಆಳ ಎಷ್ಟೆಂದು ಹಗ್ಗ ಹೇಳುತ್ತಿತ್ತು. ಅಂಟಿಕೊಂಡು ಬಂದದ್ದು ಮರಳೋ, ಕೆಸರೋ, ಚಿಪ್ಪೋ ಎಂದು ನೋಡಿ ಅನುಭವಿ ಮಾಸ್ಟರ್ ಮಂಜಿನಲ್ಲೂ ತಾನೆಲ್ಲಿದ್ದೇನೆಂದು ಊಹಿಸುತ್ತಿದ್ದ.