ಹೋಂಸ್ಟೇ ಪೋಸ್ಟಿನ ತಲೆಬರಹ: ಊರು, ತಿಂಗಳು, ಊಟ ಹೇಳಿ

ನಮಸ್ಕಾರ. ಕಕ್ಕಬ್ಬೆಯ ನಿಮ್ಮ ಹೋಂಸ್ಟೇಯ ಮಳೆಗಾಲದ ಪೋಸ್ಟಿಗೆ ‘ಪ್ರಕೃತಿಯ ಮಡಿಲಲ್ಲಿ ಮರೆಯಲಾಗದ ಅನುಭವ’ ಅಂತ ತಲೆಬರಹ ಕೊಟ್ಟಿದ್ದೀರಿ, ಯಾರೂ ವಿಚಾರಿಸಲಿಲ್ಲ, ಏನು ತಪ್ಪು ಅಂತ ಕೇಳಿದ್ದೀರಿ.

ತಪ್ಪೇನಿಲ್ಲ. ಆದರೆ ಈ ಸಾಲನ್ನು ಸಕಲೇಶಪುರದವರೂ ಹಾಕಬಹುದು, ಚಿಕ್ಕಮಗಳೂರಿನವರೂ ಹಾಕಬಹುದು. ಹಾಕಿಯೂ ಇದ್ದಾರೆ, ಬಿಡಿ! ನಿಮ್ಮಲ್ಲಿ ಮಾತ್ರ ಇರುವುದನ್ನು ಹೇಳಿ. ಕೊಡಗಿನ ಅತಿ ಎತ್ತರದ ಬೆಟ್ಟ ತಡಿಯಂಡಮೋಳ್ ನಿಮ್ಮ ಪಕ್ಕದಲ್ಲೇ ಇದೆ, ತಲೆಬರಹದಲ್ಲಿ ಅದರ ಹೆಸರೇ ಇಲ್ಲ.

ಮಳೆಗಾಲಕ್ಕಾದರೆ ನಾನು ಹೀಗೆ ಬರೆಯುತ್ತೇನೆ: ‘ಆಗಸ್ಟ್ 3, ಕಕ್ಕಡ ಹದಿನೆಂಟು: ಕಕ್ಕಬ್ಬೆಯ ನಮ್ಮ ಮನೆಯಲ್ಲಿ ಮದ್ದುಸೊಪ್ಪಿನ ಪಾಯಸ’. ದಿನ ಇದೆ (ಕೊಡವರ ಕಕ್ಕಡ ತಿಂಗಳ ಹದಿನೆಂಟನೆಯ ದಿನ, ಮದ್ದುಸೊಪ್ಪು ಎಂಬ ಔಷಧೀಯ ಸೊಪ್ಪಿನ ಅಡುಗೆ ಮಾಡುವ ದಿನ), ಊರು ಇದೆ, ಬೇರೆ ಕಡೆ ಸುಲಭಕ್ಕೆ ಸಿಗದ ತಿಂಡಿ ಇದೆ. ಆ ನೇರಳೆ ಬಣ್ಣದ ಪಾಯಸದ ಫೋಟೋ ಜೊತೆಗಿಟ್ಟರೆ ಬೆಂಗಳೂರಿನವರು ಇದೇನಪ್ಪಾ ಅಂತ ನಿಂತು ನೋಡುತ್ತಾರೆ. ಕಣಿಲೆ (ಎಳೆ ಬಿದಿರು) ಸಾರು, ಕಡುಂಬುಟ್ಟು (ಅಕ್ಕಿತರಿಯ ಉಂಡೆ) ಬಗ್ಗೆಯೂ ಹೀಗೇ ಬರೆಯಬಹುದು.

ಇನ್ನೊಂದು ದಾರಿ, ಬರುವವರ ಭಯಕ್ಕೆ ಉತ್ತರ ಕೊಡುವುದು. ‘ಜುಲೈನಲ್ಲಿ ಕೊಡಗಿಗೆ ಬರುತ್ತೀರಾ? ಜಿಗಣೆಗೆ ಹೀಗೆ ಮಾಡಿ’. ಜಿಗಣೆ ಅಂದರೆ ಜನ ಓಡಿಹೋಗುತ್ತಾರೆ ಅನಿಸಬಹುದು. ನನಗೆ ಹಾಗನಿಸುವುದಿಲ್ಲ. ಮೊದಲೇ ನಿಜ ಹೇಳುವವರ ಮೇಲೆ ನಂಬಿಕೆ ಜಾಸ್ತಿ, ಅಲ್ವಾ?

ಮುಖ್ಯವಾದ ಮಾತು ಮೊದಲೇ ಬರಲಿ. ಗೂಗಲ್‌ನಲ್ಲಿ ತಲೆಬರಹ ಉದ್ದವಾದರೆ ಕೊನೆ ಕತ್ತರಿಸಿ ಹೋಗುತ್ತದೆ, ಮೊಬೈಲಿನಲ್ಲೂ ಅಷ್ಟೇ.

‘ನೋಡಿದ್ರೆ ಶಾಕ್ ಆಗ್ತೀರಿ’ ಅಂತೆಲ್ಲ ಸುಮ್ನೆ ಬೇಡ. ಕ್ಲಿಕ್ ಬರುತ್ತದೆ, ಬುಕಿಂಗ್ ಬರುವುದಿಲ್ಲ. ಬಾಡಿಗೆ ಎಷ್ಟು ಅಂತ ನೀವು ಬರೆದಿಲ್ಲ. ಸುತ್ತಮುತ್ತಲಿನವರಿಗಿಂತ ಕಡಿಮೆ ಇದ್ದರೆ ಅದನ್ನೂ ತಲೆಬರಹದಲ್ಲೇ ಹಾಕಿ.