ಗಾಳಕ್ಕೆ ಮರಿಮೀನಿನ ವೇಷ: ಓದುಗರ ಪ್ರಶ್ನೆಗಳಿಗೆ ಉತ್ತರ

ಪ್ರಶ್ನೆ: ನಾನು ನ್ಯೂಜೆರ್ಸಿಯಲ್ಲಿದ್ದೇನೆ. ಸ್ಮಾಲ್‌ಮೌತ್ ಬಾಸ್ ಮೀನಿಗಾಗಿ ಕ್ಲೌಸರ್ ಮಿನ್ನೋ ಎಂಬ ಸ್ಟ್ರೀಮರ್ ಕಟ್ಟುವುದನ್ನು ಕಲಿಯುತ್ತಿದ್ದೇನೆ. ಮೇಜಿನ ಮೇಲೆ ಅದು ಮೈ ತುಂಬಿಕೊಂಡು ಚೆನ್ನಾಗಿ ಕಾಣುತ್ತದೆ. ನೀರಿನಲ್ಲಿ ಎಳೆದರೆ ಪಕ್ಕಕ್ಕೆ ವಾಲಿ ಪೊರಕೆಯಂತೆ ಬರುತ್ತದೆ. ತಪ್ಪೆಲ್ಲಿದೆ?

ಉತ್ತರ: 'ಮೈ ತುಂಬಿಕೊಂಡು' ಎಂದಿರಲ್ಲ, ಅಲ್ಲೇ ಇದೆ. ಗಾಳಕ್ಕೆ ಕೂದಲು, ಗರಿ, ದಾರ ಸುತ್ತಿ ಮಾಡುವ ಹುಸಿ ಬೇಟೆಯೇ ಫ್ಲೈ. ಕೀಟವನ್ನು ಬಿಟ್ಟು ಮರಿಮೀನನ್ನು ಹೋಲುವಂಥದ್ದು ಸ್ಟ್ರೀಮರ್. ಮರಿಮೀನನ್ನು ಬೆಳಕಿಗೆ ಹಿಡಿದು ನೋಡಿದ್ದೀರಾ? ಅದರ ಮೈ ಅರ್ಧ ಗಾಜಿನಂತಿರುತ್ತದೆ. ಕಣ್ಣು, ಬೆನ್ನಿನ ಗೆರೆ, ಒಂದು ಮಿಂಚು, ಇಷ್ಟೇ ಕಾಣುವುದು. ನಾವು ಕಟ್ಟಬೇಕಾದದ್ದೂ ಅಷ್ಟನ್ನೇ.

ಬಾಬ್ ಕ್ಲೌಸರ್ 1987ರಲ್ಲಿ ಇದನ್ನು ರೂಪಿಸಿದ್ದು ಪೆನ್ಸಿಲ್ವೇನಿಯಾದ ಸಸ್ಕ್ವೆಹಾನ್ನಾ ನದಿಯ ಸ್ಮಾಲ್‌ಮೌತ್‌ಗಳಿಗಾಗಿ. ಅದೇ ನದಿಯ ದಂಡೆಯ ಊರಿನಲ್ಲಿ ನಾನು ಹತ್ತೊಂಬತ್ತು ವರ್ಷಗಳಿಂದ ಇದ್ದೇನೆ. ನನ್ನ ಮೊದಲ ವರ್ಷದ ಫ್ಲೈಗಳೂ ನಿಮ್ಮವುಗಳಂತೆ ದಪ್ಪಗಿದ್ದವು. ಆ ಬೇಸಿಗೆ ಪೂರ್ತಿ ಒಂದು ಮೀನೂ ಮುಟ್ಟಲಿಲ್ಲ. ಕೊನೆಗೆ ಒಂದು ಸಂಜೆ ನೀರಿನಲ್ಲೇ ನಿಂತು, ಕತ್ತರಿಯಿಂದ ಅರ್ಧ ಕೂದಲು ತೆಗೆದು ಎಸೆದೆ. ಮೂರನೆಯ ಎಸೆತಕ್ಕೆ ಬಾಸ್ ಬಂತು. ಆ ಫ್ಲೈಯನ್ನು ಇಂದಿಗೂ ಪೆಟ್ಟಿಗೆಯಲ್ಲಿ ಇಟ್ಟುಕೊಂಡಿದ್ದೇನೆ.

ನಾಲ್ಕನೆಯ ನಂಬರಿನ ಗಾಳ ತೆಗೆದುಕೊಳ್ಳಿ. ಮೀನು ಹಿಡಿಯುವ ದಾರವನ್ನು ಕಟ್ಟುವ ತುದಿಯಿಂದ, ಗಾಳದ ನೇರ ದಂಡಿನ ಮೂರನೆಯ ಒಂದು ಭಾಗ ಹಿಂದಕ್ಕೆ, ದಂಡಿನ ಮೇಲ್ಭಾಗದಲ್ಲಿ, ಡಂಬೆಲ್ ಆಕಾರದ ಲೋಹದ ಕಣ್ಣನ್ನು ಕೂರಿಸಿ. ದಾರವನ್ನು ಇಂಗ್ಲಿಷಿನ ಎಂಟರಂತೆ ಅಡ್ಡಡ್ಡ ಬಿಗಿದು, ಮೇಲೊಂದು ಹನಿ ಅಂಟು ಹಾಕಿ. ಬೆರಳಿನಿಂದ ತಳ್ಳಿದರೆ ಕಣ್ಣು ಕದಲಬಾರದು. ಈ ಭಾರವೇ ನೀರಿನಲ್ಲಿ ಗಾಳವನ್ನು ಮಗುಚುತ್ತದೆ. ಮೊನೆ ಮೇಲಾಗಿ ಓಡುವುದರಿಂದ ಕಲ್ಲಿಗೆ ಸಿಕ್ಕಿಕೊಳ್ಳುವುದು ಕಡಿಮೆ. ಕಣ್ಣು ಒಂದಿಷ್ಟು ತಿರುಚಿಕೊಂಡರೂ ಫ್ಲೈ ವಾಲುತ್ತದೆ. ನಿಮ್ಮದರಲ್ಲಿ ಈ ದೋಷವೂ ಇದೆ ಎಂದು ನನಗೆ ಅನ್ನಿಸುತ್ತದೆ.

ಇನ್ನು ಕೂದಲು. ಬಕ್‌ಟೇಲ್, ಅಂದರೆ ಅಮೆರಿಕದ ಬಿಳಿಬಾಲದ ಜಿಂಕೆಯ ಬಾಲ. ಅದರ ಬುಡದ ಕೂದಲು ಪೊಳ್ಳು, ದಾರ ಬಿಗಿದೊಡನೆ ಕೊಡೆಯಂತೆ ಅರಳುತ್ತದೆ. ಆದ್ದರಿಂದ ಬಾಲದ ತುದಿಯ ಕಡೆಯ ಕೂದಲನ್ನೇ ಆರಿಸಿ. ಬೆಂಕಿಕಡ್ಡಿಯ ದಪ್ಪಕ್ಕಿಂತ ಹೆಚ್ಚು ಬೇಡ. ಬುಡದ ತುಪ್ಪಳವನ್ನು ಬಾಚಿ ತೆಗೆಯಿರಿ. ತುದಿಗಳನ್ನು ಸಮ ಮಾಡಲು ಹೋಗಬೇಡಿ, ಏರುಪೇರಾಗಿದ್ದರೇ ಬಾಲ ಸಣ್ಣಗಾಗುತ್ತಾ ಹೋಗುತ್ತದೆ. ಬಿಳಿ ಕೂದಲನ್ನು ಎರಡು ಕಣ್ಣುಗಳ ನಡುವಿನ ಜಾಗದಲ್ಲಿ ಮಲಗಿಸಿ, ಕಣ್ಣಿನ ಮುಂದೆಯೂ ಹಿಂದೆಯೂ ಕಟ್ಟಿ. ಅದು ಹೊಟ್ಟೆ. ಈಗ ಗಾಳವನ್ನು ತಿರುಗಿಸಿ ಕಣ್ಣಿನ ಮುಂದೆ ನಾಲ್ಕಾರು ಮಿಂಚಿನ ಎಳೆ ಇಟ್ಟು, ಅವುಗಳ ಮೇಲೆ ತಿಳಿಹಸಿರು ಕೂದಲು ಕಟ್ಟಿ. ಅದು ಬೆನ್ನು. ನದಿಗೆ ಹೊರಡುವ ಮೊದಲು ಒಂದು ಬಕೆಟ್ ನೀರಿನಲ್ಲಿ ಎಳೆದು ನೋಡಿ. ಎಳೆದು ನಿಲ್ಲಿಸಿದಾಗ ಮೂಗು ಕೆಳಗಾಗಿ ಇಳಿಯಬೇಕು. ಬಾಸ್ ಬಹಳ ಸಲ ಬಾಯಿ ಹಾಕುವುದು ಆ ಇಳಿತದಲ್ಲಿ.

ಪ್ರಶ್ನೆ: ಅಜ್ಜನ ಕಾಲದ ಜಿಂಕೆಯ ಚರ್ಮವೊಂದು ಮನೆಯ ಅಟ್ಟದಲ್ಲಿದೆ. ಅದರ ಕೂದಲು ಬಳಸಬಹುದೇ? (ಶಿವಮೊಗ್ಗದ ಓದುಗರು)

ಉತ್ತರ: ದಯವಿಟ್ಟು ಬೇಡ. ನಮ್ಮ ಜಿಂಕೆ, ಕಡವೆಗಳಿಗೆ 1972ರ ವನ್ಯಜೀವಿ ಸಂರಕ್ಷಣಾ ಕಾಯ್ದೆಯ ರಕ್ಷಣೆಯಿದೆ. ದಾಖಲೆಯಿಲ್ಲದೆ ಆ ಚರ್ಮವನ್ನು ಇಟ್ಟುಕೊಳ್ಳುವುದೇ ಅಪರಾಧ. ಮೊದಲು ಅದರ ಬಗ್ಗೆ ತಿಳಿದ ವಕೀಲರನ್ನು ಕೇಳಿ. ಫ್ಲೈಗೆ ಬಿಳಿ ಆಡಿನ ಉದ್ದ ಕೂದಲು ಸಾಕು. ನೀರಿನಲ್ಲಿ ಅದು ಬಕ್‌ಟೇಲ್‌ಗಿಂತ ಮೆತ್ತಗೆ ಅಲುಗುತ್ತದೆ.

ಪ್ರಶ್ನೆ: ಮುಂದಿನ ತಿಂಗಳು ಹಿಮಾಚಲದ ತೀರ್ಥನ್ ನದಿಗೆ ಬ್ರೌನ್ ಟ್ರೌಟ್ ಹಿಡಿಯಲು ಹೋಗುತ್ತಿದ್ದೇನೆ. ಕ್ಲೌಸರ್ ನಡೆಯುತ್ತದೆಯೇ? (ಬೆಂಗಳೂರಿನ ಓದುಗರು)

ಉತ್ತರ: ನಡೆಯುತ್ತದೆ, ಇನ್ನೂ ಚಿಕ್ಕದಾದ ಆರು ಅಥವಾ ಎಂಟನೆಯ ನಂಬರಿನ ಗಾಳದಲ್ಲಿ, ಬೆನ್ನಿಗೆ ಕಂದು ಬಣ್ಣ ಕೊಟ್ಟು ಕಟ್ಟಿ. ಆದರೆ ಬೆಟ್ಟದ ಹೊಳೆಯ ದೊಡ್ಡ ಟ್ರೌಟ್ ಕಲ್ಲಿನಡಿಯ ಸಣ್ಣ ಮೀನುಗಳನ್ನೂ ಹುಡುಕುತ್ತದೆ. ಅದಕ್ಕೆ ದಪ್ಪ ತಲೆಯ ಸ್ಟ್ರೀಮರ್ ಬೇಕು. ಇವುಗಳಲ್ಲಿ ಹೆಸರಾದದ್ದು 1930ರ ದಶಕದಲ್ಲಿ ಡಾನ್ ಗ್ಯಾಪನ್ ಕೆನಡಾದ ನಿಪಿಗಾನ್ ನದಿಗಾಗಿ ಕಟ್ಟಿದ ಮಡ್ಲರ್ ಮಿನ್ನೋ. ಅದರ ತಲೆ ಜಿಂಕೆಯ ಕೂದಲಿನದು, ಗಾಳಿ ತುಂಬಿಕೊಂಡು ತೇಲಲು ನೋಡುತ್ತದೆ. ನೀವು ಕುರಿಯ ಉಣ್ಣೆ ಬಳಸಿ. ನೀರು ಹೀರಿ ತಳಕ್ಕೆ ಇಳಿಯುತ್ತದೆ, ನಮಗೆ ಬೇಕಾದದ್ದೂ ಅದೇ. ಚಳ್ಳಕೆರೆ ಕಡೆ ಕಂಬಳಿ ನೇಯುವವರ ಬಳಿ ನೂಲದ ಕಪ್ಪು ಉಣ್ಣೆ ಒಂದು ಹಿಡಿ ಕೇಳಿ ತನ್ನಿ. ಕಳೆದ ಸಲ ಊರಿಗೆ ಬಂದಾಗ ನಾನು ತಂದ ಹಿಡಿ ಉಣ್ಣೆ ಇನ್ನೂ ಮುಗಿದಿಲ್ಲ. ಸಣ್ಣ ಸಣ್ಣ ಗೊಂಚಲುಗಳಾಗಿ ಒತ್ತೊತ್ತಾಗಿ ಕಟ್ಟಿ, ಮೇಲೆ ಕೆಳಗೆ ಚಪ್ಪಟೆಯಾಗಿ, ಪಕ್ಕಗಳಲ್ಲಿ ಅಗಲವಾಗಿ ಕತ್ತರಿಸಿ. ತಲೆ ಮಾತ್ರ ಹೀಗೆ ದಟ್ಟವಾಗಿರಲಿ, ಹಿಂದಿನ ಮೈ ತೆಳ್ಳಗೇ ಇರಲಿ. ಮೀನುಗಾರಿಕೆ ಇಲಾಖೆಯ ಪರವಾನಗಿ ಪಡೆದೇ ನೀರಿಗಿಳಿಯಿರಿ. ಮೊನೆಯ ಮುಳ್ಳನ್ನು ಇಕ್ಕಳದಿಂದ ಒತ್ತಿ ಚಪ್ಪಟೆ ಮಾಡಿಕೊಂಡರೆ, ಒದ್ದೆ ಕೈಯಲ್ಲೇ ಮೀನನ್ನು ಬಿಡಿಸಿ ನೀರಿಗೆ ಮರಳಿಸಬಹುದು.